ಒಂದು ಪಾತ್ರ, ಐವರು ಹುಡುಗಿಯರು

2025ರ ಸೆಪ್ಟೆಂಬರ್ 30ರಂದು ಕಲರ್ಸ್ ವಾಹಿನಿಯ ರಿಯಾಲಿಟಿ ಶೋ ಒಂದರ ಸೆಟ್ಟಿನಲ್ಲಿ ನಿಜವಾದ ಮದುವೆಯೊಂದು ನಡೆಯಿತು. ಮದುಮಗಳು ಅವಿಕಾ ಗೋರ್, ಮದುಮಗ ಮಿಲಿಂದ್ ಚಂದ್ವಾನಿ. ಅವಿಕಾ ಅವರಿಗೆ ಆಗ 28 ವರ್ಷ. ಇದೇ ವಾಹಿನಿ 17 ವರ್ಷದ ಹಿಂದೆಯೂ ಇವರಿಗೆ ಮದುವೆ ಮಾಡಿಸಿತ್ತು. ಅದು ಕಥೆಯೊಳಗಿನ ಮದುವೆ, ಆಗ ಅವರಿಗೆ 11 ವರ್ಷ. 2008ರ ಜುಲೈ 21, ಕಲರ್ಸ್ ಪ್ರಸಾರ ಆರಂಭಿಸಿದ ದಿನ. ಅಂದೇ ಶುರುವಾದ ‘ಬಾಲಿಕಾ ವಧು’ ಧಾರಾವಾಹಿಯಲ್ಲಿ ಆನಂದಿ ಎಂಬ ಪುಟ್ಟ ಹುಡುಗಿಯಾಗಿ ಅವಿಕಾ ದೇಶದ ಮನೆಮನೆಗೆ ಬಂದರು.

ತನ್ನ ಮದುವೆಯನ್ನೂ ಟೀವಿಗೆ ಕೊಟ್ಟಳಲ್ಲ ಎಂದು ಮೂಗು ಮುರಿದವರಿದ್ದಾರೆ. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಹುಟ್ಟುಹಬ್ಬ, ಪರೀಕ್ಷೆ, ಜ್ವರ, ಹಬ್ಬ ಎಲ್ಲವನ್ನೂ ಕಾಲ್‌ಶೀಟಿನ ಸಂದಿಯಲ್ಲೇ ತೂರಿಸಿಕೊಂಡು ಬೆಳೆದವರಿಗೆ ಸೆಟ್ಟು ಹೊರಗಿನ ಜಾಗವಾಗಿ ಉಳಿದಿರುವುದಿಲ್ಲ. ಆದರೆ ಆ ಮದುವೆ ಒಂದು ದೊಡ್ಡ ವಿಷಯದ ಕಡೆ ಬೆರಳು ತೋರಿಸುತ್ತದೆ. ದಿನವೂ ರಾತ್ರಿ ಊಟದ ಹೊತ್ತಿಗೆ ನಮ್ಮೆದುರು ಅಳುವ, ನಗುವ ಈ ಹುಡುಗಿಯರ ಕೆಲಸ ಹೇಗೆ ನಡೆಯುತ್ತದೆ, ಅವರ ಹೆಸರು ಯಾರ ಕೈಯಲ್ಲಿರುತ್ತದೆ, ಧಾರಾವಾಹಿ ಮುಗಿದ ಮೇಲೆ ಅವರ ಬಳಿ ಉಳಿಯುವುದೇನು ಎಂಬುದು ನೋಡುಗರಾದ ನಮಗೆ ಹೆಚ್ಚು ಗೊತ್ತಿಲ್ಲ. ಆನಂದಿ ಎಂಬ ಒಂದೇ ಪಾತ್ರದ ಬೆನ್ನು ಹತ್ತಿ ಹೋದರೆ ಇದರ ಬಹುಪಾಲು ಅರ್ಥವಾಗುತ್ತದೆ. ಆ ಪಾತ್ರವನ್ನು ಹಿಂದಿಯಲ್ಲಿ ಮೂವರು ಮಾಡಿದರು. ಕನ್ನಡದಲ್ಲಿ ಅದು ಗೌರಿಯಾಗಿ ಬಂದಾಗ ಇನ್ನಿಬ್ಬರು.

ಹಿಂದಿಯ ಮೂಲ ಕಥೆ ರಾಜಸ್ಥಾನದ ಹಳ್ಳಿಯದು. ಎಂಟು ವರ್ಷದ ಹುಡುಗಿಯನ್ನು ಮದುವೆ ಮಾಡಿ ಜಮೀನ್ದಾರರ ಮನೆಗೆ ಕಳಿಸುತ್ತಾರೆ. ಗಂಡನೂ ಹುಡುಗ. ಅವನ ಅಜ್ಜಿ ಕಲ್ಯಾಣಿ ದೇವಿ ಮನೆಯ ಹಿಡಿತವನ್ನೆಲ್ಲ ಕೈಯಲ್ಲಿಟ್ಟುಕೊಂಡವಳು. ಆ ಅಜ್ಜಿಯಾಗಿ ನಟಿಸಿದವರು ಸುರೇಖಾ ಸೀಕ್ರಿ. ‘ತಮಸ್’, ‘ಮಮ್ಮೊ’, ‘ಬಧಾಯಿ ಹೋ’ ಈ ಮೂರಕ್ಕೂ ರಾಷ್ಟ್ರಪ್ರಶಸ್ತಿ ಪಡೆದ, ರಂಗಭೂಮಿಯಲ್ಲಿ ಪಳಗಿದ ನಟಿ. ಬಾಲ್ಯವಿವಾಹ ನಿಷೇಧದ ಹೊಸ ಕಾನೂನು 2006ರಲ್ಲಿ ಬಂದು, 2007ರ ನವೆಂಬರ್‌ನಲ್ಲಿ ಜಾರಿಯಾಗಿದ್ದ ಕಾಲ ಅದು. ಅತ್ತೆ ಸೊಸೆಯರ ಜರಿ ಸೀರೆ ಕಾಳಗ ನೋಡಿ ಬೇಸತ್ತಿದ್ದವರಿಗೆ ಘಾಗ್ರಾ ತೊಟ್ಟು ಅಂಗಳದಲ್ಲಿ ಓಡಾಡುವ ಮಗು ಹೊಸದಾಗಿ ಕಂಡಿತು. ಹೊಸ ವಾಹಿನಿಯನ್ನು ಮೇಲೆತ್ತಿದ್ದರಲ್ಲಿ ಈ ಧಾರಾವಾಹಿಯ ಪಾಲು ದೊಡ್ಡದು. 2016ರ ಜುಲೈ 31ರವರೆಗೆ, ಎಂಟು ವರ್ಷ, ಎರಡು ಸಾವಿರಕ್ಕೂ ಹೆಚ್ಚು ಸಂಚಿಕೆಗಳಷ್ಟು ಅದು ಓಡಿತು.

ಈಗ ನೆರೆಯ ಆಂಧ್ರಕ್ಕೆ ಬನ್ನಿ. ತೆಲುಗಿನಲ್ಲಿ ‘ಬಾಲಿಕಾ ವಧು’ ಡಬ್ ಆಗಿ ‘ಚಿನ್ನಾರಿ ಪೆಳ್ಳಿಕೂತುರು’ ಎಂಬ ಹೆಸರಿನಲ್ಲಿ ಪ್ರಸಾರವಾಯಿತು. ದನಿ ಬೇರೆಯವರದು, ಮುಖ ಅವಿಕಾ ಅವರದೇ. ಹೀಗಾಗಿ ಒಂದು ಅಕ್ಷರ ತೆಲುಗು ಬಾರದ ಮುಂಬೈಯ ಹುಡುಗಿ ಗುಂಟೂರು, ರಾಜಮಂಡ್ರಿಯ ಮನೆಗಳಲ್ಲಿ ಪರಿಚಿತಳಾದಳು. ಆ ಪರಿಚಯವೇ ಮುಂದೆ ಸಿನಿಮಾಕ್ಕೆ ದಾರಿಯಾಯಿತು. 2013ರ ಡಿಸೆಂಬರ್‌ನಲ್ಲಿ ತೆರೆಗೆ ಬಂದ ‘ಉಯ್ಯಾಲ ಜಂಪಾಲ’ದಲ್ಲಿ ನಾಯಕಿಯಾದಾಗ ಅವಿಕಾಗೆ 16. ‘ಸಿನಿಮಾ ಚೂಪಿಸ್ತ ಮಾವ’, ‘ಎಕ್ಕಡಿಕಿ ಪೋತಾವು ಚಿನ್ನವಾಡ’ ಆಮೇಲೆ ಬಂದವು. 2015ರಲ್ಲಿ ನಮ್ಮ ಕಿಶನ್ ನಿರ್ದೇಶನದ ‘ಕೇರ್ ಆಫ್ ಫುಟ್‌ಪಾತ್ 2’ರಲ್ಲೂ ಅವರು ನಟಿಸಿದರು.

ಕರ್ನಾಟಕದಲ್ಲಿ ಹೀಗೆ ಆಗಲಿಲ್ಲ, ಯಾಕೆಂದರೆ ಇಲ್ಲಿ ಡಬ್ಬಿಂಗ್ ಇರಲಿಲ್ಲ. ಕಾನೂನೇನೂ ತಡೆದಿರಲಿಲ್ಲ. ಚಿತ್ರೋದ್ಯಮ, ಟೆಲಿವಿಷನ್ ಸಂಘಗಳು ಸೇರಿ ದಶಕಗಳಿಂದ ಕಾಯ್ದುಕೊಂಡು ಬಂದಿದ್ದ ತಡೆ ಅದು. ಈ ತಡೆ ಸ್ಪರ್ಧೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರ ಜುಲೈನಲ್ಲಿ. ಡಬ್ ಆದ ಹಿಂದಿ ‘ಮಹಾಭಾರತ’ ಕನ್ನಡ ಮನೆಗಳಿಗೆ ಬಂದದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ. ಅದಕ್ಕೂ ಮುಂಚೆ ಹಿಂದಿಯಲ್ಲಿ ಗೆದ್ದ ಕಥೆ ಕನ್ನಡಿಗರಿಗೆ ಬೇಕಿದ್ದರೆ ಇಲ್ಲೇ, ನಮ್ಮ ನಟರನ್ನೇ ಇಟ್ಟು ಮತ್ತೆ ತೆಗೆಯಬೇಕಿತ್ತು. ಆಗ ಈಟಿವಿ ಕನ್ನಡ ಆಗಿದ್ದ, ಈಗಿನ ಕಲರ್ಸ್ ಕನ್ನಡದಲ್ಲಿ 2012ರ ಡಿಸೆಂಬರ್‌ನಲ್ಲಿ ‘ಪುಟ್ಟಗೌರಿ ಮದುವೆ’ ಶುರುವಾಯಿತು. ಬಾಲ್ಯದ ಗೌರಿ ಸಾನ್ಯಾ ಅಯ್ಯರ್, ಬೆಳೆದ ಗೌರಿ ರಂಜನಿ ರಾಘವನ್. ಅಲ್ಲಿಯ ಅಜ್ಜಿ ಕಲ್ಯಾಣಿ ದೇವಿ ಇಲ್ಲಿ ಅಜ್ಜಮ್ಮನಾದಳು, ಆ ಪಾತ್ರಕ್ಕೆ ಚಂದ್ರಕಲಾ ಮೋಹನ್ ಬಂದರು.

ಡಬ್ಬಿಂಗ್ ಬೇಕೋ ಬೇಡವೋ ಎಂದು ನಾವು ಭಾಷೆಯ ಹೆಸರಿನಲ್ಲಿ, ಸಂಸ್ಕೃತಿಯ ಹೆಸರಿನಲ್ಲಿ ವರ್ಷಗಟ್ಟಲೆ ಕೂಗಾಡಿದ್ದೇವೆ. ಅದರ ಲೆಕ್ಕ ತೀರಾ ಮನೆಮಟ್ಟದ್ದು. ಡಬ್ ಮಾಡಿದ ಕಡೆ ಒಬ್ಬಳೇ ಹುಡುಗಿ ಎರಡು ಮೂರು ಭಾಷೆಗಳಲ್ಲಿ ತಾರೆಯಾದಳು. ಮತ್ತೆ ತೆಗೆದ ಕಡೆ ಇನ್ನಿಬ್ಬರು ಹುಡುಗಿಯರಿಗೆ, ಅವರ ಜೊತೆ ನೂರಾರು ಲೈಟ್‌ಬಾಯ್, ಮೇಕಪ್, ಸಂಭಾಷಣೆಕಾರರಿಗೆ ವರ್ಷಗಟ್ಟಲೆ ಕೆಲಸ ಸಿಕ್ಕಿತು. ನೋಡುಗರ ಆಯ್ಕೆಯ ಹಕ್ಕು ನನಗೂ ಸರಿಯೆಂದೇ ಕಾಣುತ್ತದೆ. ಆದರೆ ಆ ಹಕ್ಕಿನ ಬಗ್ಗೆ ಮಾತಾಡುವಾಗ ಈ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಕೆಲಸ ಎಂದೆ. ಅದು ಹೇಗಿರುತ್ತದೆ ನೋಡೋಣ. ವಾರಕ್ಕೆ ಐದಾರು ದಿನ ಅರ್ಧ ಗಂಟೆ ಪ್ರಸಾರವಾಗುವ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು ಇಪ್ಪತ್ತೆರಡು ನಿಮಿಷದ ಕಥೆ ಇರುತ್ತದೆ. ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು ಸಂಚಿಕೆ ಮುಗಿಸಲೇಬೇಕು. ಒಂದು ಸಿನಿಮಾ ತಂಡ ಇಡೀ ದಿನದಲ್ಲಿ ಎರಡು ಮೂರು ನಿಮಿಷದಷ್ಟು ದೃಶ್ಯ ತೆಗೆದು ಸಮಾಧಾನಪಟ್ಟುಕೊಳ್ಳುತ್ತದೆ. ಧಾರಾವಾಹಿ ತಂಡ ಅದರ ಏಳೆಂಟು ಪಟ್ಟು ತೆಗೆಯುತ್ತದೆ. ಇಷ್ಟು ವೇಗಕ್ಕೆ ತಕ್ಕ ಹಾಗೆ ಇಡೀ ಪದ್ಧತಿಯೇ ರೂಪುಗೊಂಡಿದೆ.

ಬೆಳಗ್ಗೆ ನಟಿ ಬಂದು ಮೇಕಪ್‌ಗೆ ಕೂತಾಗ ಕೈಗೆ ಸೀನ್ ಪೇಪರ್ ಬರುತ್ತದೆ. ಕೆಲವೊಮ್ಮೆ ಅದೂ ಬಂದಿರುವುದಿಲ್ಲ, ಮೊಬೈಲಿಗೆ ಬರುತ್ತದೆ. ನಿಶ್ಚಿತಾರ್ಥ ಮುರಿಯುವ ದೃಶ್ಯ ಎಂದಿಟ್ಟುಕೊಳ್ಳಿ. ಹಾಲ್‌ನಲ್ಲಿ ಎಂಟು ಮಂದಿ. ಮೊದಲು ಎಲ್ಲರೂ ಕಾಣುವಂತೆ ಒಂದು ಸಲ ಪೂರ್ತಿ ದೃಶ್ಯ. ಆಮೇಲೆ ಮಾತಾಡುವವರ ಕ್ಲೋಸ್. ಆಮೇಲೆ ಶುರು, ಒಬ್ಬೊಬ್ಬರ ರಿಯಾಕ್ಷನ್. ಅತ್ತೆ ಬೆಚ್ಚಿದ್ದು, ನಾದಿನಿ ಒಳಗೊಳಗೆ ಖುಷಿಪಟ್ಟದ್ದು, ಮಾವ ಕಣ್ಣು ಮುಚ್ಚಿದ್ದು, ಅಡುಗೆಮನೆ ಬಾಗಿಲಲ್ಲಿ ನಿಂತ ಕೆಲಸದವಳು ಬಾಯಿಗೆ ಸೆರಗು ಹಿಡಿದದ್ದು. ನಾಯಕಿ ತಾನೊಬ್ಬಳೇ ನಿಂತು, ಎದುರಿಗೆ ಯಾರೂ ಇಲ್ಲದೆ, ಕ್ಯಾಮೆರಾ ಪಕ್ಕದ ಲೈಟ್ ಸ್ಟ್ಯಾಂಡನ್ನು ಭಾವಿ ಗಂಡ ಎಂದುಕೊಂಡು ಕಣ್ಣೀರು ಹಾಕಬೇಕು. ಸಹ ನಿರ್ದೇಶಕ ಮರೆಯಲ್ಲಿ ನಿಂತು ಒಂದೊಂದೇ ಸಾಲು ಓದಿ ಹೇಳುತ್ತಾನೆ, ಅವಳು ಅದನ್ನು ಕಿವಿಗೆ ಹಾಕಿಕೊಂಡು ಭಾವ ಬೆರೆಸಿ ಒಪ್ಪಿಸುತ್ತಾಳೆ. ಇದಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ. ನಾಟಕದವರು ಇದನ್ನು ನೋಡಿ ನಗುವುದುಂಟು. ಬೇರೆಯವರ ದನಿ ಕೇಳಿಸಿಕೊಳ್ಳುತ್ತಲೇ ತನ್ನ ದನಿಯಲ್ಲಿ ನಿಜ ಹುಟ್ಟಿಸುವುದು ಸುಲಭದ ವಿದ್ಯೆಯೇನೂ ಅಲ್ಲ, ಒಮ್ಮೆ ಮಾಡಿ ನೋಡಿದವರಿಗೆ ಅದು ಗೊತ್ತು. ಅದೇ ಸೀರೆಯಲ್ಲಿ ಮಧ್ಯಾಹ್ನ ಬೇರೆ ಸಂಚಿಕೆಯ ದೇವಸ್ಥಾನದ ದೃಶ್ಯವಿದ್ದರೆ ಅಳುವನ್ನು ಒರೆಸಿ, ಕುಂಕುಮ ತಿದ್ದಿ, ಹಣತೆ ಹಿಡಿದು ನಿಲ್ಲಬೇಕು. ಪ್ಯಾಕಪ್ ಆಗುವ ಹೊತ್ತಿಗೆ ಅವಳ ಧಾರಾವಾಹಿಯೇ ಟೀವಿಯಲ್ಲಿ ಬಂದು ಹೋಗಿರುತ್ತದೆ.

ಮುಂಗಡವಾಗಿ ತೆಗೆದಿಟ್ಟ ಸಂಚಿಕೆಗಳಿಗೆ ಸೆಟ್ಟಿನ ಭಾಷೆಯಲ್ಲಿ ಬ್ಯಾಂಕಿಂಗ್ ಎಂಬ ಹೆಸರಿದೆ. ಹತ್ತು ಸಂಚಿಕೆ ಬ್ಯಾಂಕಿಂಗ್ ಇದ್ದರೆ ನಿರ್ಮಾಪಕನಿಗೆ ನೆಮ್ಮದಿ, ನಟಿಗೆ ಜ್ವರ ಬಂದರೆ ಎರಡು ದಿನ ರಜೆ. ಬಹಳಷ್ಟು ಸಲ ಇರುವುದು ಎರಡೋ ಮೂರೋ. ಆಗ ನಾಯಕಿ ಮಲಗಿದರೆ ವಾಹಿನಿಯ ಆ ಅರ್ಧ ಗಂಟೆಯೇ ಖಾಲಿ. 2008ರ ನವೆಂಬರ್‌ನಲ್ಲಿ ಮುಂಬೈಯ ಕಾರ್ಮಿಕ ಸಂಘಗಳು ಕೂಲಿಯ ಪ್ರಶ್ನೆ ಎತ್ತಿ ಕೆಲಸ ನಿಲ್ಲಿಸಿದಾಗ, ‘ಬಾಲಿಕಾ ವಧು’ ಸೇರಿದಂತೆ ಹಿಂದಿ ಧಾರಾವಾಹಿಗಳೆಲ್ಲ ಹಳೆಯ ಸಂಚಿಕೆಗಳನ್ನೇ ಮತ್ತೆ ತೋರಿಸಬೇಕಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಚಿತ್ರೀಕರಣ ನಿಂತಾಗಲೂ ಅಷ್ಟೇ. ಇಷ್ಟು ದೊಡ್ಡ ಉದ್ಯಮ ಬದುಕುವುದು ಅಂದಂದಿನ ದುಡಿಮೆಯ ಮೇಲೆ ಎಂಬುದು ಆ ಎರಡು ಸಲ ಹೊರಗಿನವರಿಗೂ ಕಂಡಿತು.

ಕಥೆ ಎತ್ತ ಹೋಗಬೇಕು ಎಂದು ತೀರ್ಮಾನಿಸುವುದು ಗುರುವಾರ. ಅಂದು ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂಬ ಅಂಕ, ಟಿಆರ್‌ಪಿ, ಬರುತ್ತದೆ. 2015ರಿಂದ ಈ ಲೆಕ್ಕ ಕೊಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ದೇಶದ ಇಪ್ಪತ್ತು ಕೋಟಿಗೂ ಮಿಕ್ಕ ಟೀವಿ ಮನೆಗಳಲ್ಲಿ ಅರ್ಧ ಲಕ್ಷದ ಆಸುಪಾಸಿನ ಮನೆಗಳನ್ನು ಆರಿಸಿ ಮೀಟರ್ ಕೂರಿಸಿರುತ್ತಾರೆ. ಪ್ರತಿ ಕಾರ್ಯಕ್ರಮದ ಧ್ವನಿಯೊಳಗೆ ಕಿವಿಗೆ ಕೇಳದ ಒಂದು ಗುರುತು ಅಡಗಿರುತ್ತದೆ. ಮೀಟರ್ ಅದನ್ನು ಹಿಡಿದು, ಯಾವ ವಾಹಿನಿ ಎಷ್ಟು ಹೊತ್ತು ಓಡಿತು ಎಂದು ಬರೆದುಕೊಳ್ಳುತ್ತದೆ. ಮನೆಯಲ್ಲಿ ಯಾರ್ಯಾರು ಕೂತು ನೋಡುತ್ತಿದ್ದಾರೆ ಎಂಬುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಟನ್. ಅಕ್ಕಪಕ್ಕದ ಮನೆಯವರಿಗೂ ಗೊತ್ತಿಲ್ಲದ ಈ ಮನೆಗಳ ಸಂಜೆಯೇ ಜಾಹೀರಾತಿನ ದರವನ್ನು, ಧಾರಾವಾಹಿಯ ಆಯುಷ್ಯವನ್ನು, ನಾಯಕಿಯ ಹಣೆಬರಹವನ್ನು ಬರೆಯುತ್ತದೆ.

ಅಂಕ ಇಳಿಯಿತು ಎಂದರೆ ಟ್ರ್ಯಾಕ್ ಬದಲು. ಗೌರಿಗೆ ಏನೇನಾಯಿತು ನೆನಪಿಸಿಕೊಳ್ಳಿ. ಬಾಲ್ಯವಿವಾಹದ ಕಥೆ ಬೆಳೆದ ಗೌರಿ, ಅವಳ ಗಂಡ ಮಹೇಶ, ಅವನ ಬದುಕಿಗೆ ಬಂದ ಹಿಮಾ ಈ ಮೂವರ ಜಗ್ಗಾಟವಾಯಿತು. ಆಮೇಲೆ ಗೌರಿ ಕಾಡಿನ ಪಾಲಾದಳು. ಹುಲಿ ಬಂತು, ಹಾವು ಬಂತು. ಗೌರಿಗೆ ಸಾವೇ ಇಲ್ಲ ಎಂದು ಜನ ವಾಟ್ಸ್‌ಆ್ಯಪ್‌ನಲ್ಲಿ ಜೋಕು ಮಾಡಿ ಹಂಚಿದರು. ಕಾಲೇಜು ಹುಡುಗರು ಮೀಮ್ ಮಾಡಿ ನಕ್ಕರು. ನಕ್ಕವರು ನೋಡುತ್ತಲೂ ಇದ್ದರು, ವಾಹಿನಿಗೆ ಬೇಕಿದ್ದದ್ದು ಅಷ್ಟೇ. ಆದರೆ ಆ ನಗೆಯ ಪೆಟ್ಟು ತಗುಲಿದ್ದು ಕಥೆ ಬರೆದವರಿಗೂ ಅಲ್ಲ, ಟ್ರ್ಯಾಕ್ ಬದಲಿಸಿ ಎಂದವರಿಗೂ ಅಲ್ಲ, ಕಾಡಿನಲ್ಲಿ ಓಡಿದ ನಟಿಗೆ. ಅವಳ ಮುಖ ಮಾತ್ರ ನಮಗೆ ಗೊತ್ತಿರುವುದರಿಂದ ಹೊಗಳಿಕೆಯೂ ಬೈಗುಳವೂ ಅದೇ ವಿಳಾಸಕ್ಕೆ ಹೋಗುತ್ತವೆ.

ಅಂಕ ಏರಿಸಲು ಇನ್ನೊಂದು ಉಪಾಯ ಲೀಪ್. ಕಥೆ ಹತ್ತು ವರ್ಷ ಮುಂದಕ್ಕೆ ನೆಗೆಯುತ್ತದೆ, ಮಗು ಬೆಳೆದು ನಾಯಕಿಯಾಗುತ್ತದೆ. ಕಥೆಗೆ ಅದು ನೆಗೆತ, ಹಳೆಯ ನಟಿಗೆ ಮಾತ್ರ ಕೆಲಸದ ಕೊನೆ. 2010ರಲ್ಲಿ ‘ಬಾಲಿಕಾ ವಧು’ ಹೀಗೆ ನೆಗೆದಾಗ ಅವಿಕಾ ಹೊರಬಂದರು. ಪ್ರೇಕ್ಷಕರ ಮತ ಕೇಳಿ ಹೊಸ ಆನಂದಿಯನ್ನು ಆರಿಸಿದರು. ಆರಿಸಿಬಂದವರು ಜಮ್‌ಷೆಡ್‌ಪುರದ ಪ್ರತ್ಯೂಷಾ ಬ್ಯಾನರ್ಜಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. 2013ರಲ್ಲಿ ಅವರು ಬಿಟ್ಟರು, ತೋರಲ್ ರಾಸಪುತ್ರಾ ಬಂದರು. ಆನಂದಿ ಮಾತ್ರ ಒಂದು ದಿನವೂ ರಜೆ ಹಾಕದೆ ಅದೇ ಹೊತ್ತಿಗೆ ಅದೇ ಮನೆಯಲ್ಲಿ ಕಾಣಿಸಿಕೊಂಡಳು. ಕನ್ನಡದಲ್ಲೂ ‘ಲಕ್ಷ್ಮೀ ಬಾರಮ್ಮ’ದ ಚಿನ್ನು ಕವಿತಾ ಗೌಡ ಆಗಿದ್ದವಳು ಮುಂದೆ ರಶ್ಮಿ ಪ್ರಭಾಕರ್ ಆದಳು. ಮೊದಮೊದಲು ಜನ ಗೊಣಗುತ್ತಾರೆ, ಹಳೆಯವಳೇ ಚೆನ್ನಾಗಿದ್ದಳು ಎನ್ನುತ್ತಾರೆ. ತಿಂಗಳು ಕಳೆಯುವುದರೊಳಗೆ ಒಗ್ಗಿಹೋಗುತ್ತಾರೆ.

ಧಾರಾವಾಹಿ ನಟಿಯ ಬದುಕಿನ ತಿರುಳು ಇಲ್ಲಿದೆ ಎಂದು ನನ್ನ ಎಣಿಕೆ. ಸಿನಿಮಾ ನಟಿಯನ್ನು ಜನ ಅವಳ ಹೆಸರಿನಿಂದ ಕರೆಯುತ್ತಾರೆ. ಧಾರಾವಾಹಿ ನಟಿಯನ್ನು ತರಕಾರಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ ‘ಏನಮ್ಮಾ ಗೌರಿ, ಆ ಅತ್ತೆ ಮಾತು ಯಾಕೆ ಕೇಳ್ತೀಯಾ’ ಎನ್ನುತ್ತಾರೆ. ಇದಕ್ಕಿಂತ ಸಲಿಗೆಯ ಪ್ರೀತಿ ಇನ್ನೊಂದು ಕಲೆಗೆ ಸಿಗಲಿಕ್ಕಿಲ್ಲ. ಆದರೆ ಆ ಪ್ರೀತಿ ಗೌರಿಯ ಖಾತೆಗೆ ಜಮೆ. ಗೌರಿ ಎಂಬ ಹೆಸರು, ಕಥೆ, ಹಾಡು, ಸಮಯ ಎಲ್ಲವೂ ವಾಹಿನಿಯ ಸೊತ್ತು. ನಟಿ ಹೊರಗೆ ಕಾಲಿಟ್ಟ ದಿನ ಆ ಖಾತೆ ಹಿಂದೆಯೇ ಉಳಿಯುತ್ತದೆ.

ಪ್ರತ್ಯೂಷಾ ಅವರ ಕಥೆ ಎಲ್ಲರಿಗೂ ಗೊತ್ತು, ಅದನ್ನು ಮಸಾಲೆ ಹಾಕಿ ಹೇಳಿದವರೂ ಬೇಕಾದಷ್ಟಿದ್ದಾರೆ. ‘ಬಾಲಿಕಾ ವಧು’ ಬಿಟ್ಟ ವರ್ಷವೇ ಅವರು ‘ಬಿಗ್ ಬಾಸ್’ಗೆ ಹೋದರು. 2016ರ ಏಪ್ರಿಲ್ 1ರಂದು ಮುಂಬೈಯಲ್ಲಿ ತೀರಿಕೊಂಡರು. ವಯಸ್ಸು 24. ಅವರ ಸಾವಿನ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಯಾರು ಕಾರಣ, ಏನು ಕಾರಣ ಎಂದು ಪತ್ರಿಕೆಯಲ್ಲಿ ಕೂತು ತೀರ್ಪು ಕೊಡುವ ಕೆಲಸ ನನಗೆ ಬೇಡ. ಗಮನಿಸಬೇಕಾದ್ದು ಬೇರೆ. ಅವರು ತೀರಿಕೊಂಡಾಗ ಪತ್ರಿಕೆ, ಟೀವಿಯವರೆಲ್ಲ ಬರೆದ ತಲೆಬರಹದಲ್ಲಿ ಇದ್ದದ್ದು ಆನಂದಿ. ಪಾತ್ರ ಬಿಟ್ಟು ಮೂರು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ಆನಂದಿಯಾಗಿ ಬೇರೊಬ್ಬರು ಬಂದಾಗಿತ್ತು.

ಮತ್ತೆ ಅವಿಕಾ ಕಡೆಗೆ. ಬಾಲ್ಯವಿವಾಹ ತಪ್ಪು ಎಂದು ಊರಿಗೆಲ್ಲ ಹೇಳಿದ ಆ ಹುಡುಗಿ ಮುಂದೆ ಮಾಡಿದ್ದೇನು ಗೊತ್ತೆ? 2011ರ ಏಪ್ರಿಲ್‌ನಲ್ಲಿ ಅದೇ ವಾಹಿನಿಯಲ್ಲಿ ‘ಸಸುರಾಲ್ ಸಿಮರ್ ಕಾ’ ಶುರುವಾಯಿತು. ಅದರಲ್ಲಿ ಅವಿಕಾ ಸಿಮರ್‌ಳ ತಂಗಿ ರೋಲಿ, ಸೀರೆ ಉಟ್ಟು ಸೆರಗು ಹೊದ್ದ ಸೊಸೆ. ಧಾರಾವಾಹಿ ಶುರುವಾದ ದಿನ ಅವರಿಗೆ ಹದಿನಾಲ್ಕೂ ತುಂಬಿರಲಿಲ್ಲ. ಈ ಸಲ ಬಾಲ್ಯವಿವಾಹದ ಮಾತೇ ಏಳಲಿಲ್ಲ, ಯಾಕೆಂದರೆ ಕಥೆಯಲ್ಲಿ ರೋಲಿ ದೊಡ್ಡವಳು. ಮೇಕಪ್ ಮಾಡಿದವರಿಗೆ ಗೊತ್ತಿತ್ತು, ನಿರ್ಮಾಪಕರಿಗೆ ಗೊತ್ತಿತ್ತು, ‘ಬಾಲಿಕಾ ವಧು’ ನೋಡಿ ಮೂರೇ ವರ್ಷ ಆಗಿದ್ದ ನಮಗೂ ಲೆಕ್ಕ ಗೊತ್ತಾಗಬೇಕಿತ್ತು. ಯಾರೂ ಕೇಳಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇರುಸುಮುರುಸಾಗುವ ಜಾಗ ಇದು.

ಮಕ್ಕಳು ನಟಿಸುವುದಕ್ಕೆ ಈಗ ಕಾನೂನಿನ ಚೌಕಟ್ಟಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮ ಬಂತು. ಮಗುವನ್ನು ಸೆಟ್ಟಿಗೆ ಕರೆಯುವ ನಿರ್ಮಾಪಕ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವು ಕೊಡದೆ ಒಂದೇ ಸಮನೆ ಮೂರು ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಶಾಲೆ ತಪ್ಪದಂತೆ ನೋಡಿಕೊಳ್ಳಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯ ವ್ಯಕ್ತಿ ಇರಬೇಕು. ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು, ಅದು ದೊಡ್ಡವಳಾದ ಮೇಲೆ ಅವಳಿಗೇ ಸಿಗಬೇಕು. ಒಳ್ಳೆಯ ನಿಯಮಗಳು. ಪುಟ್ಟ ಆನಂದಿ, ಪುಟ್ಟ ಗೌರಿ ನಟಿಸುವಾಗ ಇವು ಇರಲಿಲ್ಲ.

ಆದರೆ ಓದುವಾಗ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ಈ ಕಾಯ್ದೆಯಲ್ಲಿ ಮಗು ಎಂದರೆ 14 ತುಂಬದವರು. ಅನುಮತಿ, ಐದು ಗಂಟೆ, ಠೇವಣಿ ಎಲ್ಲವೂ ಅವರಿಗೆ. ಹದಿನೈದರ ಹುಡುಗಿಯನ್ನು ಇಪ್ಪತ್ತೆರಡರ ಸೊಸೆ ಮಾಡಿ ನಿಲ್ಲಿಸಿದರೆ ಈ ನಿಯಮಗಳ ಕೈ ಅಲ್ಲಿಗೆ ಚಾಚುವುದಿಲ್ಲ. 

ಅವಿಕಾ ಐದಾರು ವರ್ಷ ರೋಲಿಯಾಗಿದ್ದರು, ಜೊತೆಜೊತೆಗೇ ತೆಲುಗು ಸಿನಿಮಾ ಮಾಡಿದರು. ದೇಹದ ಬಗ್ಗೆ ಜನ ಆಡಿದ ಮಾತನ್ನೂ ಕೇಳಿಸಿಕೊಂಡರು. ತೂಕ ಏರಿ, ಕನ್ನಡಿ ನೋಡಿ ಅತ್ತದ್ದನ್ನು, ಆಮೇಲೆ ತೂಕ ಇಳಿಸಿಕೊಂಡದ್ದನ್ನು 2020ರಲ್ಲಿ ತಾವೇ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದುಕೊಂಡರು. ಬೆಳೆಯುವ ವಯಸ್ಸಿನ ಪ್ರತಿ ತಿಂಗಳೂ ಊರೆಲ್ಲರ ಕಣ್ಣೆದುರು ದಾಖಲಾದ ಹುಡುಗಿಗೆ ಕನ್ನಡಿ ಸುಮ್ಮನೆ ಕನ್ನಡಿಯಾಗಿ ಉಳಿದಿರಲು ಸಾಧ್ಯವಿರಲಿಲ್ಲ. 2023ರಲ್ಲಿ ಹಿಂದಿಯಲ್ಲಿ ‘1920: ಹಾರರ್ಸ್ ಆಫ್ ದಿ ಹಾರ್ಟ್’ ಚಿತ್ರದ ನಾಯಕಿಯಾದರು, ಅದೇ ವರ್ಷ ತೆಲುಗಿನ ‘ಪಾಪ್‌ಕಾರ್ನ್’ಗೆ ನಿರ್ಮಾಪಕಿಯಾಗಿ ದುಡ್ಡು ಹಾಕಿದರು. ಗೆಲುವೋ ಸೋಲೋ ಬೇರೆ ಮಾತು. ಕರೆ ಬರಲಿ ಎಂದು ಕಾಯುವವರ ಸಾಲಿನಿಂದ ಎದ್ದು, ಕರೆ ಕಳಿಸುವವರ ಸಾಲಿಗೆ ಕುರ್ಚಿ ಹಾಕಿಕೊಂಡದ್ದು ಮುಖ್ಯ.

ಸಿನಿಮಾಕ್ಕೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಕಿರುತೆರೆಯಲ್ಲಿ ಬಲವಾಗಿದೆ. ರಾಧಿಕಾ ಪಂಡಿತ್ ‘ನಂದಗೋಕುಲ’ದಿಂದ ಬಂದು 2008ರಲ್ಲಿ ‘ಮೊಗ್ಗಿನ ಮನಸು’ ಮಾಡಿದರು. ರಚಿತಾ ರಾಮ್ ‘ಅರಸಿ’ಯಿಂದ 2013ರ ‘ಬುಲ್‌ಬುಲ್’ಗೆ ಹೋದರು. ಈ ಎರಡು ಹೆಸರು ಹೇಳಿ ಎಷ್ಟೋ ಹುಡುಗಿಯರು ಅಪ್ಪ ಅಮ್ಮನನ್ನು ಒಪ್ಪಿಸಿದ್ದಾರೆ. ಗಮನಿಸಿ, ಇಬ್ಬರೂ ಧಾರಾವಾಹಿಯ ಮುಖ ಜನರ ಕಣ್ಣಿನಲ್ಲಿ ಗಟ್ಟಿಯಾಗಿ ಅಂಟುವ ಮೊದಲೇ ಹಾರಿದವರು. ಐದು ವರ್ಷ ದಿನವೂ ಪುಕ್ಕಟೆ ಕಂಡ ಮುಖಕ್ಕೆ ಟಿಕೆಟ್ ಕೊಟ್ಟು ಯಾರು ಬರುತ್ತಾರೆ ಎಂದು ಗಾಂಧಿನಗರ ಕೇಳುತ್ತದೆ. ಒರಟು ಪ್ರಶ್ನೆ, ಆದರೆ ವಿತರಕರ ಲೆಕ್ಕದಲ್ಲಿ ಅದು ಇದ್ದೇ ಇದೆ.

ರಂಜನಿ ರಾಘವನ್ ಹಿಡಿದ ದಾರಿ ಇದಕ್ಕಿಂತ ಬೇರೆ. ‘ಪುಟ್ಟಗೌರಿ’ ನಡೆಯುತ್ತಿರುವಾಗಲೇ 2017ರಲ್ಲಿ ‘ರಾಜಹಂಸ’ ಚಿತ್ರ ಮಾಡಿದರು. ಧಾರಾವಾಹಿ 2018ರಲ್ಲಿ ಮುಗಿಯಿತು. 2020ರ ಜನವರಿಯಲ್ಲಿ ಅದೇ ವಾಹಿನಿಯಲ್ಲಿ ‘ಕನ್ನಡತಿ’ ಶುರುವಾದಾಗ ಭುವನೇಶ್ವರಿ ಎಂಬ ಕನ್ನಡ ಮೇಡಂ ಆಗಿ ಮರಳಿದರು. ಎರಡು ತಿಂಗಳಿಗೆ ಲಾಕ್‌ಡೌನ್ ಬಂದು ಚಿತ್ರೀಕರಣ ನಿಂತಿತು, ಆದರೂ ಧಾರಾವಾಹಿ ಚೇತರಿಸಿಕೊಂಡು 2023ರ ಫೆಬ್ರುವರಿಯವರೆಗೆ ನಡೆಯಿತು. ಕಾಡಿನ ಗೌರಿಯನ್ನು ಕಂಡು ನಕ್ಕವರೇ ಭುವಿಯನ್ನು ಕೂತು ನೋಡಿದರು. ನಟಿ ಅವರೇ, ಬರವಣಿಗೆ ಬೇರೆ. ಪೆಟ್ಟು ಎಲ್ಲಿಗೆ ಬೀಳಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

‘ಕನ್ನಡತಿ’ಯ ನಡುವೆಯೇ ಅವರು ಕಥೆ ಬರೆಯಲು ಕೂತರು. 2021ರಲ್ಲಿ ‘ಕಥೆ ಡಬ್ಬಿ’ ಬಂತು, ಆಮೇಲೆ ‘ಸ್ವೈಪ್ ರೈಟ್’ ಕಾದಂಬರಿ. ಸಾಹಿತ್ಯದ ತಕ್ಕಡಿಯಲ್ಲಿ ಅವುಗಳ ತೂಕ ಎಷ್ಟೆಂಬುದನ್ನು ವಿಮರ್ಶಕರು ಹೇಳಲಿ. ಪುಸ್ತಕದ ರಕ್ಷಾಪುಟದ ಮೇಲೆ ಗೌರಿ ಎಂದಿಲ್ಲ, ಭುವಿ ಎಂದಿಲ್ಲ, ರಂಜನಿ ರಾಘವನ್ ಎಂದಿದೆ. ಟಿಆರ್‌ಪಿ ಇಳಿದರೆ ಆ ಹೆಸರು ತೆಗೆದು ಬೇರೆ ಹೆಸರು ಅಂಟಿಸಲು ಯಾರಿಗೂ ಬರುವುದಿಲ್ಲ. ಪುಟ್ಟ ಗೌರಿಯಾಗಿದ್ದ ಸಾನ್ಯಾ ಅಯ್ಯರ್ 2022ರ ‘ಬಿಗ್ ಬಾಸ್ ಒಟಿಟಿ’ಯಲ್ಲಿ ತಮ್ಮದೇ ಹೆಸರಿನಲ್ಲಿ ಕಾಣಿಸಿಕೊಂಡು, 2024ರಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ಚಿತ್ರದ ನಾಯಕಿಯಾದರು. ಆ ಚಿತ್ರದ ಹೆಸರು ‘ಗೌರಿ’!

ಎಲ್ಲರಿಗೂ ಬರೆಯಲು ಬರುವುದಿಲ್ಲ, ನಿರ್ಮಾಪಕಿಯಾಗಲು ದುಡ್ಡಿರುವುದಿಲ್ಲ. ಹೆಚ್ಚಿನ ಹುಡುಗಿಯರ ಪಾಲಿಗೆ ಪ್ರಶ್ನೆ ಇನ್ನೂ ಸರಳ: ಈ ತಿಂಗಳ ದುಡ್ಡು ಯಾವಾಗ ಬರುತ್ತದೆ? ಧಾರಾವಾಹಿಯಲ್ಲಿ ಸಂಬಳ ಎಂಬುದಿಲ್ಲ. ದಿನಕ್ಕಿಷ್ಟು ಎಂದು ಮಾತು, ಕೆಲಸ ಮಾಡಿದ ದಿನಗಳಿಗೆ ಲೆಕ್ಕ. ಕಥೆ ಬೇರೆ ಟ್ರ್ಯಾಕಿಗೆ ಹೊರಳಿ ಈ ತಿಂಗಳು ಎಂಟೇ ದಿನ ಕರೆದರೆ ಎಂಟೇ ದಿನದ ದುಡ್ಡು. ಮುಂಬೈಯಲ್ಲಿ ದುಡಿದ ತೊಂಬತ್ತು ದಿನದ ಮೇಲೆ ಹಣ ಕೊಡುವ ರೂಢಿಯ ವಿರುದ್ಧ ಕಲಾವಿದರ ಸಂಘ ಮತ್ತೆ ಮತ್ತೆ ದನಿ ಎತ್ತಿದೆ. ಸೀರೆ, ಒಡವೆ, ಕೂದಲು, ಚರ್ಮದ ಆರೈಕೆಗೆ ಕೈಯಿಂದ ಖರ್ಚು ಮಾಡುವವರೂ ಇದ್ದಾರೆ. ಹೊರಗಿನವರ ಕಣ್ಣಿಗೆ ಅವಳು ದಿನವೂ ಟೀವಿಯಲ್ಲಿ ಬರುವ ಶ್ರೀಮಂತೆ. ಬಾಡಿಗೆ ಮನೆ ಕೇಳಲು ಹೋದರೆ ಮಾಲೀಕರು ಎರಡು ಸಾವಿರ ಹೆಚ್ಚು ಹೇಳುತ್ತಾರೆ, ಇಲ್ಲವೇ ಸಿನಿಮಾದವರಿಗೆ ಕೊಡುವುದಿಲ್ಲ ಎನ್ನುತ್ತಾರೆ.

ಇನ್ನೊಂದು ಗಂಟು ಒಪ್ಪಂದದಲ್ಲಿದೆ. ಧಾರಾವಾಹಿ ಮುಗಿಯುವವರೆಗೆ ಬೇರೆ ವಾಹಿನಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ ಎಂಬ ಷರತ್ತು ಸಾಮಾನ್ಯ. ವಾಹಿನಿಯ ಕಡೆಯಿಂದ ನೋಡಿದರೆ ಅದು ತಪ್ಪಲ್ಲ, ಅವರು ಆ ಮುಖಕ್ಕೆ ಪ್ರೋಮೊ, ಹೋರ್ಡಿಂಗ್ ಎಂದು ದುಡ್ಡು ಸುರಿದಿರುತ್ತಾರೆ. ಆದರೆ ಧಾರಾವಾಹಿ ಯಾವಾಗ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನೂರು ಸಂಚಿಕೆಗೂ ಮುಗಿಯಬಹುದು, ಎರಡು ಸಾವಿರಕ್ಕೂ ಹೋಗಬಹುದು. ಕೊನೆಯ ದಿನಾಂಕವಿಲ್ಲದ ಕಾಗದಕ್ಕೆ ಹದಿನೆಂಟು ಹತ್ತೊಂಬತ್ತರ ಹುಡುಗಿ ಸಹಿ ಹಾಕುತ್ತಾಳೆ. ವಾಹಿನಿ ಅವಳನ್ನು ಬದಲಿಸಬೇಕೆಂದರೆ ಒಂದು ಗುರುವಾರ ಸಾಕು, ಅವಳು ಬಿಡಬೇಕೆಂದರೆ ತಿಂಗಳುಗಳ ನೋಟಿಸು.

ಮಗಳನ್ನು ಆಡಿಷನ್‌ಗೆ ಕರೆದೊಯ್ಯುವ ತಂದೆ ತಾಯಿ ಆ ಕಾಗದವನ್ನು ಮನೆಗೆ ತಂದು, ಗೊತ್ತಿದ್ದ ವಕೀಲರಿಗೆ ತೋರಿಸಿ, ನಾಲ್ಕು ಸಾಲು ಹುಡುಕಬೇಕು. ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ ಕೊಡುತ್ತಾರೆ. ಕೆಲಸ ಮಾಡಿದ ಎಷ್ಟು ದಿನಕ್ಕೆ ಹಣ. ಹನ್ನೆರಡು ಗಂಟೆ ದಾಟಿದರೆ ಏನು. ಪಾತ್ರದಿಂದ ತೆಗೆದರೆ, ಬೇರೆ ವಾಹಿನಿಗೆ ಹೋಗಬಾರದೆಂಬ ಷರತ್ತು ಅದೇ ದಿನ ಸಡಿಲವಾಗುತ್ತದೆಯೇ ಇಲ್ಲವೇ. ಈ ನಾಲ್ಕನೆಯದು ಬರೆದಿರದಿದ್ದರೆ ಬರೆಸಿಕೊಂಡು ಸಹಿ ಹಾಕಬೇಕು. ಹದಿನಾಲ್ಕು ತುಂಬದ ಮಗುವಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪತ್ರದ ಪ್ರತಿ ಮತ್ತು ಠೇವಣಿಯ ರಸೀದಿ ಕೇಳಿ ಪಡೆಯಬೇಕು.